ಆನರ್ಸ್ ಸಿಕ್ಕಿದೆ, ಸೇರಿಸೋದಾ? ಡಾರ್ಮ್ ಯಾವ್ದು? ಅಮೆರಿಕದಲ್ಲಿ ಕಾಲೇಜು ಸೇರೋ ಮಕ್ಕಳ ಮನೆಯವ್ರಿಗೆ

ಮಾರ್ಚ್ ಕೊನೆ, ಏಪ್ರಿಲ್ ಬಂತು ಅಂದ್ರೆ ಅಮೆರಿಕದ ಕನ್ನಡ ಮನೆಗಳಲ್ಲಿ ಟ್ವೆಲ್ತ್ ಗ್ರೇಡ್ ಮಕ್ಕಳಿದ್ರೆ ಬೇರೆ ಮಾತೇ ಇರಲ್ಲ, ಎಲ್ಲಿ ಅಡ್ಮಿಷನ್ ಆಯ್ತು, ಆನರ್ಸ್ (ಚೆನ್ನಾಗಿ ಓದೋ ಮಕ್ಕಳಿಗೆ ಅಂತ ಯೂನಿವರ್ಸಿಟಿ ಒಳಗೇ ಇರೋ ವಿಶೇಷ ಪ್ರೋಗ್ರಾಮ್) ಸಿಕ್ತಾ, ಡಾರ್ಮಾ (ಕಾಲೇಜಿನ ಹಾಸ್ಟೆಲ್ಲಾ) ಮನೆಯಿಂದ ಓಡಾಟಾನಾ. ಬೆಂಗಳೂರು, ಮೈಸೂರಿಂದ ಪಿಯುಸಿ ಮುಗಿಸಿ ನೇರ ಇಲ್ಲಿಗೆ ಬರೋ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನೇ ಕೇಳ್ತಾರೆ. ಬಹುಪಾಲು ಕಾಲೇಜುಗಳಿಗೆ ಮೇ 1ರ ಒಳಗೆ ಡೆಪಾಸಿಟ್ ಕಟ್ಟಿ ಬರ್ತೀವಿ ಅಂತ ಹೇಳ್ಬೇಕು, ಅಂದ್ರೆ ಕೈಯಲ್ಲಿರೋದು ನಾಲ್ಕೈದು ವಾರ. ಪ್ರತಿ ವರ್ಷ ಕನ್ನಡ ಕೂಟದ ಯುಗಾದಿ ಊಟದ ಸಾಲಲ್ಲಿ ನಿಂತು ನಾವು ಒಬ್ರಿಗೊಬ್ರು ಹೇಳ್ಕೊಳ್ಳೋ ಮಾತುಗಳನ್ನ ಒಂದ್ಕಡೆ ಬರೆದಿಡೋಣ ಅಂತ ಕೂತಿದೀನಿ.

ಮೊದಲೇ ಹೇಳ್ಬಿಡ್ತೀನಿ, ಕಾಲೇಜಿನವ್ರು ಆನರ್ಸ್ ಮತ್ತೆ ಆನರ್ಸ್ ಡಾರ್ಮ್ ಎರಡನ್ನೂ ಒಟ್ಟಿಗೆ ಕಟ್ಟಿ ಕೊಡ್ತಾರೆ, ನೀವು ಅದನ್ನ ಬಿಚ್ಚಿ ಬೇರೆ ಬೇರೆ ಇಟ್ಟು ನೋಡ್ಬೇಕು. ನೋಡೋಕೆ ಅಳತೆ ಮಾತ್ರ ಒಂದೇ, ನಮ್ಮ ಹುಡುಗನದ್ದೋ ಹುಡುಗಿಯದ್ದೋ ಮೊದಲ ಸೆಮಿಸ್ಟರಿನ ಒಂದು ಮಾಮೂಲಿ ವಾರ ಹೇಗಿರತ್ತೆ ಅನ್ನೋದು. ಎಷ್ಟೊತ್ತಿಗೆ ಏಳ್ತಾರೆ, ಕ್ಲಾಸಿಗೆ ಹೇಗೆ ಹೋಗ್ತಾರೆ, ಮಧ್ಯಾಹ್ನ ಎಲ್ಲಿ ಉಣ್ತಾರೆ, ಲೆಕ್ಕ ಬಿಡಿಸಕ್ಕಾಗ್ದೇ ಇದ್ದಾಗ ಯಾರ ಬಾಗಿಲು ತಟ್ತಾರೆ. ಆನರ್ಸ್ ಅನ್ನೋ ಹೆಸರು ಕೇಳಿ ಖುಷಿ ಪಡೋದು ತಪ್ಪೇನಲ್ಲ, ಮಕ್ಕಳು ದುಡಿದು ಗಳಿಸಿದ್ದು ಅದು, ಆದ್ರೆ ನಾಲ್ಕು ವರ್ಷ ಬದುಕೋದು ಆ ವಾರದ ಒಳಗೇ.

ಹೆಜ್ಜೆ 1: ಸಿಕ್ಕಿರೋದು ಏನು ಅಂತ ಸರಿಯಾಗಿ ಓದಿ

ಆನರ್ಸ್ ಅಂತ ಕರೆಯೋದ್ರಲ್ಲಿ ಮೂರ್ನಾಲ್ಕು ಥರ ಇದೆ, ಎಲ್ಲಾ ಒಂದೇ ಅಂದ್ಕೊಂಡ್ರೆ ಮುಂದಿನ ಲೆಕ್ಕ ಪೂರಾ ತಪ್ಪತ್ತೆ. ಒಂದು, ಯೂನಿವರ್ಸಿಟಿ ಒಳಗೇ ಬೇರೆ ಕಾಲೇಜಿನ ಥರ ನಡೆಯೋದು. ಪೆನ್ ಸ್ಟೇಟಿನ ಶ್ರೇಯರ್ ಆನರ್ಸ್ ಕಾಲೇಜು, ಅರಿಜೋನಾ ಸ್ಟೇಟಿನ ಬ್ಯಾರೆಟ್, ಪರ್ಡ್ಯೂದ ಆನರ್ಸ್ ಕಾಲೇಜು ಈ ಜಾತಿಯವು. ಇವಕ್ಕೆ ಡೀನ್ ಬೇರೆ, ಅಡ್ವೈಸರ್ ಬೇರೆ, ಡಾರ್ಮೂ ಬೇರೆ. ಬ್ಯಾರೆಟ್‌ಗಂತೂ ಟೆಂಪಿಯಲ್ಲಿ 2009ರಿಂದ ತನ್ನದೇ ಪುಟ್ಟ ಕ್ಯಾಂಪಸ್ ಇದೆ. ಎರಡನೇದು ಒಂದೊಂದು ವಿಭಾಗದ ಒಳಗಿನ ಪ್ರೋಗ್ರಾಮ್. ಇಲಿನಾಯ್ ಅರ್ಬಾನಾ-ಶಾಂಪೇನಲ್ಲಿ ಜೇಮ್ಸ್ ಸ್ಕಾಲರ್ ಅಂತ ಇಂಜಿನಿಯರಿಂಗಿಗೆ ಬೇರೆ, ಬಿಸಿನೆಸ್ಸಿಗೆ ಬೇರೆ ಇದೆ, ಅದರ ಮೇಲೆ ಇಡೀ ಕ್ಯಾಂಪಸ್ಸಿಗೆ ಅಂತ ಚಿಕ್ಕದೊಂದು ಆನರ್ಸ್ ಪ್ರೋಗ್ರಾಮ್ ಬೇರೆ. ಟೆಕ್ಸಸ್ ಆಸ್ಟಿನ್ನಿನ ಪ್ಲಾನ್ ಟೂ ಇವೆಲ್ಲಕ್ಕಿಂತ ಬೇರೆ, 1935ರಿಂದ ನಡೀತಿರೋದು, ಅದು ಮೇಜರ್ರೇ (ಡಿಗ್ರಿಯ ಮುಖ್ಯ ವಿಷಯಾನೇ) ಹೌದು, ಅಂದ್ರೆ ಸಾಹಿತ್ಯ, ತತ್ವಶಾಸ್ತ್ರ ಎಲ್ಲಾ ಮನಸ್ಸಿಟ್ಟು ಓದೋ ಇಷ್ಟ ಇರೋ ಮಕ್ಕಳಿಗೆ. ಕಂಪ್ಯೂಟರ್ ಸೈನ್ಸ್ ಜೊತೆ ಇದನ್ನೂ ಮಾಡೋವ್ರು ಇದಾರೆ, ಆದ್ರೆ ಆ ಓದಿನ ರುಚಿ ಇಲ್ದೋರಿಗೆ ಅದು ಬರೀ ಭಾರ.

ಇನ್ನೊಂದು, ಮೂರನೇ ವರ್ಷದಲ್ಲಿ ಡಿಪಾರ್ಟ್‌ಮೆಂಟಿನವ್ರು ಕೊಡೋ ಆನರ್ಸ್, ಅದಕ್ಕೆ ಈಗ ಏನೂ ಮಾಡ್ಬೇಕಿಲ್ಲ. ಡಿಗ್ರಿ ಮುಗಿಸುವಾಗ ಒಳ್ಳೆ ಜಿಪಿಎ (ಎಲ್ಲಾ ಗ್ರೇಡುಗಳ ಸರಾಸರಿ) ನೋಡಿ ಕುಮ್ ಲಾಡೆ (ಲ್ಯಾಟಿನ್ನಲ್ಲಿ, ಗೌರವದ ಜೊತೆ) ಅಂತ ಸರ್ಟಿಫಿಕೇಟಲ್ಲಿ ಹಾಕೋದಕ್ಕೂ ಈ ಆನರ್ಸ್ ಕಾಲೇಜಿಗೂ ಸಂಬಂಧ ಇಲ್ಲ. ಆನರ್ಸ್ ಕಾಲೇಜಿಗೆ ಹೋಗ್ದೇ ಇದ್ರೂ ಅದು ಸಿಗತ್ತೆ.

ಲೆಟರಲ್ಲಿ ಹೆಸರು ನೋಡಿ ನಿಲ್ಲಿಸ್ಬೇಡಿ, ಆ ಪ್ರೋಗ್ರಾಮಿನ ಸ್ಟೂಡೆಂಟ್ ಹ್ಯಾಂಡ್‌ಬುಕ್ ಹುಡುಕಿ ಓದಿ. ಬ್ರೋಷರಲ್ಲಿ ಫೋಟೋ ಇರತ್ತೆ, ಹ್ಯಾಂಡ್‌ಬುಕ್ಕಲ್ಲಿ ಷರತ್ತು ಇರತ್ತೆ.

ಹೆಜ್ಜೆ 2: ಕೊಡೋದೇನು, ಕೇಳೋದೇನು

ಕೊಡೋದ್ರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆ ಬಾಳೋದು ಪ್ರಯಾರಿಟಿ ರಿಜಿಸ್ಟ್ರೇಷನ್, ಅಂದ್ರೆ ಬೇರೆಯವ್ರಿಗಿಂತ ಮೊದಲು ಕೋರ್ಸ್ ಆರಿಸ್ಕೊಳ್ಳೋ ಅವಕಾಶ. ನಲವತ್ತು ಸಾವಿರ ಮಕ್ಕಳಿರೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಫ್ರೆಶ್‌ಮನ್ (ಮೊದಲ ವರ್ಷದ ಮಕ್ಕಳು) ರಿಜಿಸ್ಟರ್ ಮಾಡೋ ಹೊತ್ತಿಗೆ ಒಳ್ಳೆ ಪ್ರೊಫೆಸರಿನ ಸೆಕ್ಷನ್ ತುಂಬಿರತ್ತೆ, ಉಳಿದಿದ್ದು ಬೆಳಗ್ಗೆ ಎಂಟರ ಕ್ಲಾಸು, ಇಲ್ಲಾ ವೇಟ್‌ಲಿಸ್ಟು, ಆರ್ಗ್ಯಾನಿಕ್ ಕೆಮಿಸ್ಟ್ರಿ ಒಂದು ಸೆಮಿಸ್ಟರ್ ಹಿಂದೆ ಬಿತ್ತು ಅಂದ್ರೆ ಅದರ ಮೇಲೆ ನಿಂತಿರೋ ಮುಂದಿನ ಎರಡು ಮೂರು ಕೋರ್ಸೂ ಹಿಂದೆ ಬೀಳತ್ತೆ. ಆನರ್ಸ್ ಮಕ್ಕಳಿಗೆ ಮೊದಲ ದಿನವೇ ವಿಂಡೋ ತೆರೆದ್ರೆ ಈ ತಾಪತ್ರಯ ಇಲ್ಲ. ಆದ್ರೆ ಎಲ್ಲಾ ಕಡೆ ಇದು ಒಂದೇ ಥರ ಇಲ್ಲ, ಕೆಲವು ಕಡೆ ನಾಲ್ಕೂ ವರ್ಷ ಕೊಡ್ತಾರೆ, ಕೆಲವು ಕಡೆ ಆನರ್ಸ್ ಕೋರ್ಸುಗಳಿಗೆ ಮಾತ್ರ. ಇದನ್ನ ಫೋನಲ್ಲಿ ಅಲ್ಲ, ಇಮೇಲ್ ಹಾಕಿ ಕೇಳಿ, ಉತ್ತರ ಇಟ್ಕೊಳ್ಳಿ.

ಆಮೇಲೆ ಚಿಕ್ಕ ಕ್ಲಾಸು. ಮುನ್ನೂರು ಜನ ಕೂರೋ ಲೆಕ್ಚರ್ ಹಾಲಲ್ಲಿ ನಮ್ಮ ಮಕ್ಕಳ ಹೆಸರು ಪ್ರೊಫೆಸರಿಗೆ ಗೊತ್ತಾಗೋದು ಕಷ್ಟ, ಇಪ್ಪತ್ತು ಜನರ ಸೆಮಿನಾರಲ್ಲಿ ಗೊತ್ತಾಗತ್ತೆ. ಮುಂದೆ ಮೆಡಿಕಲ್ ಸ್ಕೂಲಿಗೋ ಪಿಎಚ್‌ಡಿಗೋ ಹಾಕ್ಬೇಕಾದ್ರೆ ಶಿಫಾರಸು ಪತ್ರ ಬರೆಯೋರು ಬೇಕಲ್ಲ, ಅವ್ರು ಸಿಗೋದು ಇಂಥ ಕಡೆನೇ. ಬ್ಯಾರೆಟ್‌ನಲ್ಲಿ ಮೊದಲ ವರ್ಷ ಎಲ್ರೂ ದಿ ಹ್ಯೂಮನ್ ಈವೆಂಟ್ ಅಂತ ಎರಡು ಸೆಮಿಸ್ಟರಿನ ಕೋರ್ಸ್ ತಗೋತಾರೆ, ಪೂರ್ತಿ ಓದು, ಚರ್ಚೆ, ಬರವಣಿಗೆ. ಮಾತಾಡಕ್ಕೆ ಹಿಂಜರಿಯೋ ಹುಡುಗ ಹುಡುಗಿಯರಿಗೆ ಇಂಥದ್ದು ತುಂಬಾ ಒಳ್ಳೇದು, ಮೊದಲ ತಿಂಗಳು ಕಷ್ಟ ಅನ್ಸಿದ್ರೂ.

ಕೇಳೋದೇನು ಅಂದ್ರೆ, ಇಷ್ಟು ಆನರ್ಸ್ ಕ್ರೆಡಿಟ್ ಮುಗಿಸ್ಬೇಕು, ಇಷ್ಟು ಜಿಪಿಎ ಇಳಿಬಾರದು, ಕೊನೆಗೆ ಥೀಸಿಸ್ ಅಥವಾ ಪ್ರಾಜೆಕ್ಟ್. ಶ್ರೇಯರ್‌ನಲ್ಲಿ 3.4 ಜಿಪಿಎ ಉಳಿಸ್ಕೋಬೇಕು, ಥೀಸಿಸ್ ಬರೀಲೇಬೇಕು. ಎಷ್ಟೋ ಕಡೆ ಆನರ್ಸ್ ಕೋರ್ಸ್ ಸಾಕಷ್ಟು ಇರಲ್ಲ, ಆಗ ಮಾಮೂಲಿ ಕೋರ್ಸಿಗೇ ಪ್ರೊಫೆಸರ್ ಜೊತೆ ಮಾತಾಡ್ಕೊಂಡು ಹೆಚ್ಚಿನ ಪ್ರಾಜೆಕ್ಟ್ ಮಾಡಿ ಆನರ್ಸ್ ಕ್ರೆಡಿಟ್ ತಗೋಬೇಕು, ಇದನ್ನ ಆನರ್ಸ್ ಕಾಂಟ್ರಾಕ್ಟ್ ಅಂತಾರೆ. ಮಗಳ ಮೇಜರಲ್ಲಿ ನಿಜವಾದ ಆನರ್ಸ್ ಕೋರ್ಸ್ ಎಷ್ಟಿದೆ, ಕಾಂಟ್ರಾಕ್ಟ್ ಮೇಲೇ ಎಷ್ಟು ನಡೀಬೇಕು ಅಂತ ಹಿಂದಿನ ಎರಡು ಸೆಮಿಸ್ಟರಿನ ಕೋರ್ಸ್ ಪಟ್ಟಿ ತೆಗೆದು ನೋಡಿ, ಯೂನಿವರ್ಸಿಟಿ ಸೈಟಲ್ಲಿ ಯಾರು ಬೇಕಾದ್ರೂ ನೋಡ್ಬಹುದು. ಅದೊಂದು ಸಂಜೆಯ ಕೆಲಸ, ಅದರಿಂದ ಗೊತ್ತಾಗೋವಷ್ಟು ಯಾವ ಕ್ಯಾಂಪಸ್ ಟೂರಿಂದಲೂ ಗೊತ್ತಾಗಲ್ಲ.

ಸ್ಕಾಲರ್‌ಶಿಪ್ ಇದ್ರೆ ಎರಡು ಪ್ರಶ್ನೆ. ನಾಲ್ಕೂ ವರ್ಷ ಬರತ್ತಾ? ಒಂದು ಸೆಮಿಸ್ಟರ್ ಜಿಪಿಎ ಇಳಿದ್ರೆ ತಕ್ಷಣ ಹೋಗತ್ತಾ, ಸರಿಮಾಡ್ಕೊಳ್ಳಕ್ಕೆ ಟೈಮ್ ಕೊಡ್ತಾರಾ? ಇಂಜಿನಿಯರಿಂಗ್ ಮೊದಲ ವರ್ಷ ಹೈಸ್ಕೂಲಲ್ಲಿ ಎಲ್ಲಾ ಎ ತಂದೋರಿಗೂ ಬಿ ಬರೋದು ಸಹಜ. ಕೆಲವು ಆನರ್ಸ್ ಕಾಲೇಜುಗಳು ಮಾಮೂಲಿ ಫೀಸಿನ ಮೇಲೆ ಬೇರೆ ಆನರ್ಸ್ ಫೀ ಕೂಡ ತಗೊಳತ್ವೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಹೆಜ್ಜೆ 3: ನಮ್ಮ ಮಗುವಿಗೆ ಇದು ಹೊಂದತ್ತಾ

ರಿಸರ್ಚ್ ಕಡೆ ಒಲವು ಇದ್ದು, ಓದ್ಕೊಂಡಿದ್ದನ್ನ ಮಾತಾಡಕ್ಕೆ ಜನ ಬೇಕು ಅನ್ನೋ ಮಕ್ಕಳಿಗೆ ಕಣ್ಣು ಮುಚ್ಕೊಂಡು ಆನರ್ಸ್ ತಗೊಳ್ಳಿ ಅಂತೀನಿ, ಅದ್ರಲ್ಲೂ ದೊಡ್ಡ ಸ್ಟೇಟ್ ಯೂನಿವರ್ಸಿಟಿ ಆದ್ರೆ. ವರ್ಷಕ್ಕೆ 85,000 ಡಾಲರ್ ಮೇಲೆ ಕೇಳೋ ಪ್ರೈವೇಟ್ ಕಾಲೇಜಿಗೂ ಇನ್-ಸ್ಟೇಟ್ ಫೀಸಿನ (ಆ ರಾಜ್ಯದಲ್ಲೇ ಇರೋರಿಗೆ ಕೊಡೋ ಕಡಿಮೆ ಫೀಸಿನ) ಆನರ್ಸ್ ಕಾಲೇಜಿಗೂ ನಡುವೆ ತೂಗ್ತಿರೋ ಮನೆಗಳು ಎಷ್ಟೋ ಇವೆ, ಅಲ್ಲಿ ಸಾಲ ಮಾಡ್ದೇ ಓದೋ ದಾರಿ ತಗೊಳ್ಳಿ ಅನ್ನೋದೇ ನನ್ನ ಅಭಿಪ್ರಾಯ, ಆನರ್ಸಿಂದ ಚಿಕ್ಕ ಕಾಲೇಜಿನ ಎಷ್ಟೋ ಅನುಕೂಲ ಸಿಗತ್ತೆ.

ಪ್ರೀ-ಮೆಡ್ ಮಕ್ಕಳು, ಅಂದ್ರೆ ಮುಂದೆ ಡಾಕ್ಟರ್ ಓದಕ್ಕೆ ಹೊರಟೋರು ಮಾತ್ರ ಒಂದು ಸಲ ನಿಂತು ಯೋಚ್ನೆ ಮಾಡಿ. ಮೆಡಿಕಲ್ ಸ್ಕೂಲು ನೋಡೋದು ಜಿಪಿಎ, ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ), ಆಸ್ಪತ್ರೆ ಅನುಭವ, ರಿಸರ್ಚ್. ಆನರ್ಸ್ ಥೀಸಿಸ್ಸೇ ರಿಸರ್ಚ್ ಆದ್ರೆ ಒಂದೇ ಕೆಲಸಕ್ಕೆ ಎರಡು ಫಲ, ಆದ್ರೆ ಆನರ್ಸ್ ಕೆಮಿಸ್ಟ್ರಿ ತಗೊಂಡು ಗ್ರೇಡ್ ಇಳಿದ್ರೆ, ಅದು ಆನರ್ಸ್ ಸೆಕ್ಷನ್ ಅಂತ ಯಾರೂ ಸೇರಿಸಿ ಕೊಡಲ್ಲ. ಇಂಜಿನಿಯರಿಂಗಲ್ಲಿ ಕೋ-ಆಪ್ ಮಾಡೋರು, ಅಂದ್ರೆ ಒಂದು ಸೆಮಿಸ್ಟರ್ ಪೂರ್ತಿ ಕಂಪನಿಯಲ್ಲಿ ಕೆಲಸ ಮಾಡಿ ಬರೋರು, ಆನರ್ಸ್ ಕ್ರೆಡಿಟ್‌ಗಳು ಆ ಮಧ್ಯೆ ಹೇಗೆ ಮುಗಿಯತ್ತೆ ಅಂತ ಅಡ್ವೈಸರ್ ಹತ್ರ ಕೇಳ್ಳೇಬೇಕು. ಎಪಿ ಕ್ರೆಡಿಟ್ (ಹೈಸ್ಕೂಲಲ್ಲೇ ಕಾಲೇಜು ಮಟ್ಟದ ಪರೀಕ್ಷೆ ಬರೆದು ಗಳಿಸಿದ ಕ್ರೆಡಿಟ್) ತುಂಬಾ ಇರೋ ಮಕ್ಕಳಿಗೆ ಇನ್ನೊಂದು ತೊಡಕು, ಆನರ್ಸಿನ ಮೊದಲ ವರ್ಷದ ಕೋರ್ಸುಗಳು ಬಹುಪಾಲು ಜನರಲ್ ಎಜುಕೇಷನ್ (ಯಾವ ಮೇಜರ್ ಆದ್ರೂ ಎಲ್ರೂ ಓದ್ಬೇಕಾದ ಸಾಮಾನ್ಯ ವಿಷಯಗಳ) ಲೆಕ್ಕಕ್ಕೆ ಬರತ್ವೆ, ಅದನ್ನ ಇವ್ರು ಆಗ್ಲೇ ಎಪಿಯಲ್ಲಿ ಮುಗಿಸಿರ್ತಾರೆ, ಮತ್ತೆ ಅದೇ ಜಾಗಕ್ಕೆ ಕೋರ್ಸ್ ತಗೋಬೇಕಾಗತ್ತೆ.

ಬೇಡ ಅನ್ಸಿದ್ರೆ ಬೇಡ ಅನ್ನಿ, ಅದರಲ್ಲಿ ಅವಮಾನ ಏನಿಲ್ಲ. ಪೆನ್ ಸ್ಟೇಟ್ ಸೇರಿ ಎಷ್ಟೋ ಕಡೆ ಒಂದು ಎರಡು ವರ್ಷ ಓದಿದ ಮೇಲೂ ಅರ್ಜಿ ಹಾಕಿ ಆನರ್ಸ್ ಸೇರೋ ದಾರಿ ಇದೆ. ಮೊದಲ ವರ್ಷದ ಸ್ಕಾಲರ್‌ಶಿಪ್ಪು, ಡಾರ್ಮು ಆಗ ಸಿಗ್ದೇ ಹೋಗ್ಬಹುದು ಅಷ್ಟೇ.

ಹೆಜ್ಜೆ 4: ಡಾರ್ಮ್ ಮುಂಚೆ ಮ್ಯಾಪ್

ಈಗ ಹೌಸಿಂಗ್. ಕ್ಯಾಂಪಸ್ ಮ್ಯಾಪ್ ತೆಗೆದು ಮೇಜರಿನ ಕ್ಲಾಸುಗಳು ನಡೆಯೋ ಬಿಲ್ಡಿಂಗ್ ಗುರುತು ಮಾಡಿ, ಆಮೇಲೆ ಡಾರ್ಮ್ ನೋಡಿ. ನ್ಯೂಜೆರ್ಸಿಯಲ್ಲಿ ನಮ್ಮವ್ರು ಜಾಸ್ತಿ ಇರೋದ್ರಿಂದ ರಟ್ಗರ್ಸ್ ಉದಾಹರಣೆನೇ ಕೊಡ್ತೀನಿ. ನ್ಯೂ ಬ್ರನ್ಸ್‌ವಿಕ್‌ನ ಆನರ್ಸ್ ಕಾಲೇಜು 2015ರಲ್ಲಿ ಶುರುವಾಯ್ತು, ಕಾಲೇಜ್ ಅವೆನ್ಯೂ ಕ್ಯಾಂಪಸ್ಸಲ್ಲಿ ಅದಕ್ಕೆ ಸೊಗಸಾದ ಬಿಲ್ಡಿಂಗ್, ಮೊದಲ ವರ್ಷದ ಮಕ್ಕಳು ಅಲ್ಲೇ ಇರ್ತಾರೆ, ಕೆಳಗೇ ಸೆಮಿನಾರ್ ರೂಮ್, ಮೇಲೆ ಮಲಗೋ ರೂಮ್. ಆದ್ರೆ ಇಂಜಿನಿಯರಿಂಗ್, ಫಾರ್ಮಸಿ, ಸೈನ್ಸ್ ಕ್ಲಾಸುಗಳು ಹೆಚ್ಚಾಗಿ ಬುಷ್ ಕ್ಯಾಂಪಸ್ಸಲ್ಲಿ, ರಾರಿಟನ್ ನದಿ ಆಚೆ ಪಿಸ್ಕಾಟವೇಲಿ, ದಿನಾ ಬಸ್ಸು. ಹಿಸ್ಟರಿ, ಎಕನಾಮಿಕ್ಸ್ ಓದೋ ಮಗಳಿಗೆ ಆ ಜಾಗ ಬಹಳ ಅನುಕೂಲ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದೋ ಮಗನಿಗೆ ಬಸ್ಸಿನ ಟೈಮಿಂಗ್ ಬಾಯಿಪಾಠ ಆಗ್ಬೇಕು. ಅದು ದೊಡ್ಡ ಕಷ್ಟ ಅಂತೇನಲ್ಲ, ಸಾವಿರಾರು ಮಕ್ಕಳು ದಿನಾ ಓಡಾಡ್ತಾರೆ, ಆದ್ರೆ ಗೊತ್ತಿದ್ದು ಒಪ್ಕೊಳ್ಳೋದೇ ಬೇರೆ, ಆಗಸ್ಟಲ್ಲಿ ಹೋಗಿ ನೋಡಿ ಬೆಚ್ಚೋದೇ ಬೇರೆ.

ಮೊದಲ ವರ್ಷ ಎಲ್ಲಿರ್ಬೇಕು ಅನ್ನೋ ನಿಯಮಾನೂ ಊರಿಗೊಂದು ಥರ. ಪೆನ್ ಸ್ಟೇಟಿನ ಮುಖ್ಯ ಕ್ಯಾಂಪಸ್ಸಲ್ಲಿ ಫ್ರೆಶ್‌ಮನ್ ಕ್ಯಾಂಪಸ್ ಒಳಗೇ ಇರ್ಬೇಕು. ಇಲಿನಾಯ್‌ನಲ್ಲಿ ಯೂನಿವರ್ಸಿಟಿ ಡಾರ್ಮು, ಇಲ್ಲಾ ಅವ್ರು ಒಪ್ಪಿದ ಪ್ರೈವೇಟ್ ಹಾಸ್ಟೆಲ್ಲು. ಆಸ್ಟಿನ್ನಲ್ಲಿ ಅಂಥ ಕಡ್ಡಾಯ ಇಲ್ಲ, ಆದ್ರೆ ಡಾರ್ಮ್ ಬೇಕು ಅಂದೋರಿಗೆಲ್ಲ ಸಿಗುವಷ್ಟು ಜಾಗಾನೂ ಇಲ್ಲ. ಎಷ್ಟೋ ಕಡೆ ಹೌಸಿಂಗ್ ಅರ್ಜಿ ಅಡ್ಮಿಷನ್ ಬರೋ ಮೊದಲೇ ತೆರೆದಿರತ್ತೆ, ಮೊದಲು ಹಾಕಿದೋರಿಗೆ ಮೊದಲು ರೂಮ್, ಹಾಗಾಗಿ ಅಡ್ಮಿಷನ್ ಡೆಪಾಸಿಟ್ ಬೇರೆ, ಹೌಸಿಂಗ್ ಡೆಪಾಸಿಟ್ ಬೇರೆ ಅಂತ ನೆನಪಿಟ್ಕೊಂಡು, ಹೌಸಿಂಗ್ ದುಡ್ಡು ಯಾವ ತಾರೀಖಿನವರೆಗೂ ವಾಪಸ್ ಬರತ್ತೆ ನೋಡ್ಕೊಂಡು ಬೇಗ ಹಾಕ್ಬಿಡಿ.

ರೂಮಿನ ವಿಷ್ಯದಲ್ಲಿ ಜಾಸ್ತಿ ಹೇಳಲ್ಲ. ಎಸಿ ಇದೆಯಾ, ಬಾತ್‌ರೂಮ್ ಎಷ್ಟು ಜನಕ್ಕೆ, ಡಬಲ್ ಅಂತ ಹೇಳಿ ಮೂರು ಜನರನ್ನ ಹಾಕ್ತಾರಾ, ಇಷ್ಟು ಕೇಳಿ. ಹೊಸ ಬಿಲ್ಡಿಂಗಿನ ಸಿಂಗಲ್ ರೂಮಿಗಿಂತ ಹಳೇ ಡಾರ್ಮಿನ ಡಬಲ್ ರೂಮಲ್ಲಿ ಸ್ನೇಹ ಬೇಗ ಆಗತ್ತೆ, ಬಾಗಿಲು ತೆರೆದಿಟ್ಕೊಂಡು ಕೂರ್ತಾರೆ. ಆನರ್ಸ್ ಡಾರ್ಮಿನ ನಿಜವಾದ ಲಾಭಾನೂ ಅದೇ, ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಲ್ಲಿ ಅದೇ ಕ್ಯಾಲ್ಕುಲಸ್ ಹೋಮ್‌ವರ್ಕ್ ಮಾಡ್ತಿರೋರು ಇರ್ತಾರೆ. ಇನ್ನೊಂದು ಕಡೆ, ದಿನವಿಡೀ ಒಂದೇ ಥರದ ಮಕ್ಕಳ ಮಧ್ಯೆ ಇದ್ದು ಹೈಸ್ಕೂಲಿನ ಪೈಪೋಟಿ ಅಲ್ಲೂ ಮುಂದುವರೆದು ಒತ್ತಡಕ್ಕೆ ಬೀಳೋ ಮಕ್ಕಳೂ ಇದಾರೆ. ನಿಮ್ಮ ಮಗು ಯಾವ ಥರ ಅಂತ ನಿಮಗೇ ಗೊತ್ತಿರತ್ತೆ. ಆನರ್ಸ್ ಸೇರಿ ಮಾಮೂಲಿ ಡಾರ್ಮಲ್ಲಿ ಇರ್ಬಹುದಾ ಅಂತ ಕೇಳಿ, ಎಷ್ಟೋ ಕಡೆ ಇರ್ಬಹುದು, ಹೆಚ್ಚಿನವ್ರು ಕೇಳೋದೇ ಇಲ್ಲ.

ಹೆಜ್ಜೆ 5: ಊಟ, ದೇವ್ರು, ರಜೆ

ಡಾರ್ಮಲ್ಲಿ ಮೊದಲ ವರ್ಷ ಮೀಲ್ ಪ್ಲಾನ್ ಸಾಮಾನ್ಯವಾಗಿ ಕಡ್ಡಾಯ. ಮೊಟ್ಟೆಯನ್ನೂ ಮುಟ್ಟದ ಮಕ್ಕಳಿದ್ರೆ ಡೈನಿಂಗ್ ಹಾಲಿನ ಮೆನು ಆನ್‌ಲೈನಲ್ಲಿ ಒಂದು ವಾರ ಸತತ ನೋಡಿ, ವೆಜಿಟೇರಿಯನ್ ಅಂತ ಬರೆದಿರೋದು ದಿನಾ ಪಾಸ್ತಾ ಸಲಾಡೇನಾ, ಬೇಳೆ ಕಾಳು ಅನ್ನ ಏನಾದ್ರೂ ಇದೆಯಾ ಅಂತ. ಪ್ಲಾನಲ್ಲಿ ಎಲ್ಲಕ್ಕಿಂತ ದೊಡ್ಡದು ಮೊದಲೇ ತಗೋಬೇಡಿ, ಬೆಳಗಿನ ತಿಂಡಿಗೆ ಏಳದ ವಯಸ್ಸು ಅದು, ಚಿಕ್ಕದ್ದು ತಗೊಂಡು ಸಾಲ್ದಿದ್ರೆ ಏರಿಸಿ, ಕೆಲವು ವಾರದೊಳಗೆ ಬದಲಾಯಿಸಕ್ಕೆ ಬಿಡೋ ಕಾಲೇಜುಗಳು ಇವೆ.

ಅಮ್ಮಂದಿರು ಮೊದಲು ಪ್ಯಾಕ್ ಮಾಡೋದೇ ರೈಸ್ ಕುಕ್ಕರು. ಹೆಚ್ಚಿನ ಡಾರ್ಮ್ ರೂಮುಗಳಲ್ಲಿ ಅದನ್ನ ಇಡೋ ಹಾಗಿಲ್ಲ, ಇನ್‌ಸ್ಟಂಟ್ ಪಾಟೂ ಅಷ್ಟೇ, ಸಿಕ್ಕಿದ್ರೆ ಎತ್ಕೊಂಡು ಹೋಗ್ತಾರೆ. ಮಹಡಿಗೊಂದೋ ಬಿಲ್ಡಿಂಗಿಗೊಂದೋ ಕಾಮನ್ ಕಿಚನ್ ಇರತ್ತೆ, ಅಲ್ಲಿ ಮಾಡ್ಕೋಬಹುದು, ಸಾಸಿವೆ ಒಣಮೆಣಸಿನಕಾಯಿ ಒಗ್ಗರಣೆ ಹೊಗೆ ಎದ್ರೆ ಸ್ಮೋಕ್ ಅಲಾರಂ ಹೊಡೆದು ಇಡೀ ಬಿಲ್ಡಿಂಗ್ ಕೆಳಗಿಳೀಬೇಕಾಗತ್ತೆ, ಅದಕ್ಕೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಎಂಟಿಆರ್ ರೆಡಿ ಪ್ಯಾಕೆಟ್ ಮತ್ತೆ ಮೈಕ್ರೋವೇವ್ ಅನ್ನ, ಇವಿಷ್ಟರಲ್ಲಿ ಹೊಟ್ಟೆ ತುಂಬಿಸ್ಕೊಳ್ಳೋದು ಕಲಿಸಿ ಕಳಿಸಿ. ದೇವ್ರ ಫೋಟೋ ಇಟ್ಕೋಬಹುದು, ದೀಪ, ಊದುಬತ್ತಿ, ಕರ್ಪೂರ ಹಚ್ಚೋ ಹಾಗಿಲ್ಲ, ಬ್ಯಾಟರಿ ದೀಪ ಕೊಟ್ಟು ಕಳಿಸಿ. ಈ ಬೆಂಕಿಯ ನಿಯಮ ಎಲ್ಲಾ ಕಡೆನೂ ಗಟ್ಟಿ, ದಂಡ ಹಾಕ್ತಾರೆ.

ಭಾರತದಿಂದ ಬರೋ ಮಕ್ಕಳಿಗೆ ಒಂದು ಮುಖ್ಯ ವಿಷ್ಯ. ಥ್ಯಾಂಕ್ಸ್‌ಗಿವಿಂಗ್ ರಜೆ, ಡಿಸೆಂಬರ್ ಜನವರಿಯ ಚಳಿಗಾಲದ ರಜೆಯಲ್ಲಿ ಎಷ್ಟೋ ಡಾರ್ಮ್ ಮುಚ್ತಾರೆ, ಡೈನಿಂಗ್ ಹಾಲೂ ಮುಚ್ತಾರೆ. ರಜೆಯಲ್ಲೂ ತೆರೆದಿರೋ ಬಿಲ್ಡಿಂಗ್ ಯಾವ್ದು, ಅದಕ್ಕೆ ಬೇರೆ ದುಡ್ಡಾ ಅಂತ ಕೇಳಿ ಅಂಥದ್ದನ್ನೇ ಆರಿಸ್ಕೊಳ್ಳಿ. ಹತ್ರದ ಊರಿನ ಕನ್ನಡ ಕೂಟಕ್ಕೆ ಒಂದು ಮೆಸೇಜ್ ಹಾಕಿ, ಹಬ್ಬಕ್ಕೆ ಊಟಕ್ಕೆ ಕರೆಯೋ ಮನೆ ಖಂಡಿತ ಸಿಗತ್ತೆ.

ಹೆಜ್ಜೆ 6: ದುಡ್ಡಿನ ಲೆಕ್ಕ ಮನೆಯಲ್ಲೇ ಕೂತು ಮಾಡಿ

ಪಬ್ಲಿಕ್ ಯೂನಿವರ್ಸಿಟಿಯಲ್ಲಿ ರೂಮು ಊಟ ಸೇರಿ ವರ್ಷಕ್ಕೆ ಸರಾಸರಿ 13,000 ಡಾಲರ್ ಆಸುಪಾಸು ಆಗತ್ತೆ, ಕ್ಯಾಲಿಫೋರ್ನಿಯಾದಂಥ ಕಡೆ ಇನ್ನೂ ಜಾಸ್ತಿ. ಎಷ್ಟೋ ರಾಜ್ಯಗಳಲ್ಲಿ ಇನ್-ಸ್ಟೇಟ್ ಟ್ಯೂಷನ್ನಿಗಿಂತ ಇದೇ ಹೆಚ್ಚು. ಪ್ಲೇನೋ, ಫ್ರಿಸ್ಕೋ ಕಡೆ ಮನೆ ಇದ್ದು ಯೂಟಿ ಡಾಲಸ್ ಆನರ್ಸ್ ಸಿಕ್ಕಿರೋರು, ಬೇ ಏರಿಯಾದಲ್ಲಿದ್ದು ಸ್ಯಾನ್ ಹೋಸೆ ಸ್ಟೇಟಿಗೆ ಹೋಗೋರು ಮನೆಯಿಂದಲೇ ಓಡಾಡೋದನ್ನ ಗಂಭೀರವಾಗಿ ಯೋಚ್ನೆ ಮಾಡ್ಬಹುದು. ಹಾಗೆ ಮಾಡೋದಾದ್ರೆ ಮಗು ಮೂರು ಗಂಟೆಗೆ ಕ್ಲಾಸ್ ಮುಗಿಸಿ ಮನೆಗೆ ಬರ್ಬಾರದು, ಸಂಜೆ ಏಳರವರೆಗೂ ಕ್ಯಾಂಪಸ್ಸಲ್ಲೇ ಇದ್ದು ಲೈಬ್ರರಿ, ಕ್ಲಬ್ಬು, ಪ್ರೊಫೆಸರಿನ ಆಫೀಸ್ ಅವರ್ ಎಲ್ಲಾ ಮುಗಿಸಿ ಬರ್ಲಿ. ಮನೆಯವ್ರೂ ಅದನ್ನ ಒಪ್ಪಿ, ತಮ್ಮನ ಪಿಕಪ್ಪು ಅಂಗಡಿ ಸಾಮಾನು ಅಂತ ಅವ್ರ ತಲೆಗೆ ಕಟ್ಬಾರದು. ಹೀಗೆ ಓಡಾಡೋ ಮಕ್ಕಳಿಗೆ ಆನರ್ಸ್ ಇನ್ನೂ ಜಾಸ್ತಿ ಬೇಕು, ಕ್ಯಾಂಪಸ್ಸಲ್ಲಿ ಕೂರಕ್ಕೆ ಒಂದು ಜಾಗ, ಗುರುತಿರೋ ಮುಖಗಳು ಅಲ್ಲೇ ಸಿಗೋದು.

529 ಖಾತೆ (ಮಕ್ಕಳ ಓದಿಗೆ ಅಂತ ತೆರಿಗೆ ಅನುಕೂಲದಲ್ಲಿ ಕೂಡಿಡೋ ಖಾತೆ) ಇದ್ರೆ ಡಾರ್ಮ್ ಬಾಡಿಗೆ, ಮೀಲ್ ಪ್ಲಾನ್ ಅದರಿಂದ ಕಟ್ಬಹುದು, ಹೊರಗೆ ಅಪಾರ್ಟ್‌ಮೆಂಟಲ್ಲಿ ಇದ್ರೂ ಬಾಡಿಗೆ ಮತ್ತೆ ದಿನಸಿಗೆ ಕಾಲೇಜು ಪ್ರಕಟಿಸಿರೋ ಖರ್ಚಿನ ಮಿತಿಯೊಳಗೆ ಬಳಸ್ಬಹುದು, ಮಗು ಕನಿಷ್ಠ ಹಾಫ್-ಟೈಮ್ ಸ್ಟೂಡೆಂಟ್ ಆಗಿರ್ಬೇಕು. ಬಸ್ಸು ಕಾರಿನ ಖರ್ಚಿಗೆ ಬರಲ್ಲ.

ಎರಡನೇ ವರ್ಷದಿಂದ ಆರ್‌ಎ (ಡಾರ್ಮಿನ ಮಕ್ಕಳನ್ನ ನೋಡ್ಕೊಳ್ಳೋ ಹಿರಿಯ ಸ್ಟೂಡೆಂಟ್) ಆಗಿ ಡಾರ್ಮಲ್ಲಿ ಕೆಲಸ ಮಾಡಿದ್ರೆ ಸಾಮಾನ್ಯವಾಗಿ ರೂಮ್ ಫ್ರೀ, ಕೆಲವು ಕಡೆ ಊಟಾನೂ. ಎಫ್-1 (ಸ್ಟೂಡೆಂಟ್ ವೀಸಾ) ಮಕ್ಕಳು ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆವರೆಗೂ ಕ್ಯಾಂಪಸ್ ಕೆಲಸ ಮಾಡ್ಬಹುದು. ಎಚ್-4ನಲ್ಲಿರೋ (ಅಪ್ಪ ಅಮ್ಮನ ಎಚ್-1ಬಿ ಕೆಲಸದ ವೀಸಾ ಜೊತೆ ಬಂದಿರೋ) ಮಕ್ಕಳು ಮಾತ್ರ ಕೆಲಸ ಮಾಡೋ ಹಾಗಿಲ್ಲ, ಆರ್‌ಎ ಕೂಡ ಕೆಲಸಾನೇ, ಫೆಡರಲ್ ಏಡ್ (ಕೇಂದ್ರ ಸರ್ಕಾರದ ಹಣ ಸಹಾಯ) ಕೂಡ ಅವ್ರಿಗೆ ಇಲ್ಲ. 21 ತುಂಬಿದಾಗ ಎಫ್-1ಗೋ ಬೇರೆ ವೀಸಾಗೋ ಹೋಗ್ಬೇಕಾಗತ್ತೆ, ಆಗ ಇನ್-ಸ್ಟೇಟ್ ಫೀಸು, ಆನರ್ಸ್ ಸ್ಕಾಲರ್‌ಶಿಪ್ಪು ಉಳಿಯತ್ತಾ ಅಂತ ಡೆಪಾಸಿಟ್ ಕಟ್ಟೋ ಮುಂಚೆ ರಿಜಿಸ್ಟ್ರಾರ್ ಆಫೀಸಿಂದ ಬರವಣಿಗೆಯಲ್ಲಿ ತಗೊಳ್ಳಿ. ಗ್ರೀನ್ ಕಾರ್ಡ್ ಸಾಲಲ್ಲಿ ವರ್ಷಗಟ್ಲೆ ನಿಂತಿರೋ ನಮ್ಮ ಮನೆಗಳಿಗೆ ಉಳಿದ ಎಲ್ಲಾ ಪ್ರಶ್ನೆಗಿಂತ ಇದು ದೊಡ್ಡದು.

ಎರಡನೇ ವರ್ಷಕ್ಕೆ ಹೊರಗೆ ಮನೆ ಮಾಡೋ ಮಾತು ಮೊದಲ ಸೆಮಿಸ್ಟರಲ್ಲೇ ಶುರುವಾಗತ್ತೆ, ಮ್ಯಾಡಿಸನ್ ಥರದ ಊರಲ್ಲಿ ಮುಂದಿನ ಆಗಸ್ಟಿನ ಲೀಸಿಗೆ ಅಕ್ಟೋಬರಲ್ಲೇ ಓಡಾಟ. ಲೀಸ್ ಸಾಮಾನ್ಯವಾಗಿ 12 ತಿಂಗಳದ್ದು, ಬೇಸಿಗೆಗೆ ಮನೆಗೆ ಬಂದ್ರೂ ಬಾಡಿಗೆ ಕಟ್ತಿರ್ಬೇಕು, ಇಲ್ಲಾ ಸಬ್‌ಲೀಸ್ ಮಾಡ್ಬೇಕು. ನಾಲ್ಕು ಜನ ಸೇರಿ ಒಂದೇ ಲೀಸಿಗೆ ಸೈನ್ ಹಾಕಿದ್ರೆ ಒಬ್ಬ ಬಿಟ್ಟು ಹೋದಾಗ ಅವನ ಪಾಲು ಉಳಿದೋರ ಮೇಲೆ ಬೀಳತ್ತೆ, ತಲೆಗೊಂದು ಲೀಸ್ ಕೊಡೋ ಕಡೆ ಆ ಭಯ ಇಲ್ಲ. ಗ್ಯಾರಂಟರ್ ಅಂತ ಅಪ್ಪನೋ ಅಮ್ಮನೋ ಸೈನ್ ಹಾಕೋ ಮುಂಚೆ ಇದನ್ನ ಓದಿ.

ಹೆಜ್ಜೆ 7: ಬುಧವಾರದ ಟೈಮ್ ಟೇಬಲ್ ಬರೆಸಿ, ಆಮೇಲೆ ಮಗುವೇ ಹೇಳ್ಲಿ

ಇಷ್ಟೆಲ್ಲಾ ಆದ್ಮೇಲೆ ಮಗು ಒಂದು ಹಾಳೆ ತಗೊಂಡು ಪ್ರತಿ ಆಯ್ಕೆಗೂ ಒಂದು ಬುಧವಾರ ಬರೀಲಿ, ಏಳೋದ್ರಿಂದ ಮಲಗೋವರೆಗೂ, ನಿಜವಾದ ಕೋರ್ಸ್ ಟೈಮು, ನಿಜವಾದ ಬಿಲ್ಡಿಂಗು, ನಿಜವಾದ ಬಸ್ಸು ಇಟ್ಕೊಂಡು. ಆನರ್ಸ್ ಇದ್ದಾಗ ಒಂದು, ಇಲ್ದಿದ್ದಾಗ ಒಂದು, ಆನರ್ಸ್ ಇದ್ದು ಬೇರೆ ಡಾರ್ಮ್ ಆದ್ರೆ ಒಂದು. ಈ ಹಾಳೆಗಳನ್ನ ಪಕ್ಕಪಕ್ಕ ಇಟ್ಟಾಗ ಮನೆಯಲ್ಲಿ ಜಗಳ ಆಗಲ್ಲ, ಯಾಕಂದ್ರೆ ಮಾತು ಹೆಸರಿನ ಮೇಲೆ ನಿಂತಿರಲ್ಲ. ಅದೇ ಮೇಜರಲ್ಲಿ ಅದೇ ಆನರ್ಸಲ್ಲಿ ಎರಡನೇ ಮೂರನೇ ವರ್ಷ ಓದ್ತಿರೋ ಒಬ್ರ ಜೊತೆ ಮಗು ಒಂದರ್ಧ ಗಂಟೆ ಮಾತಾಡ್ಲಿ, ನೀವು ಪಕ್ಕದಲ್ಲಿ ಕೂರ್ಬೇಡಿ. ಆನರ್ಸ್ ಬಿಟ್ಟೋರು ಯಾಕೆ ಬಿಟ್ರು ಅಂತ ಕೇಳ್ಲಿ, ಒಳಗಿರೋರಿಗೆ ಅದು ಗೊತ್ತಿರತ್ತೆ.

ಕೊನೇ ಮಾತು ಮಗುವಿನದೇ ಆಗ್ಲಿ. ದುಡ್ಡು ಎಷ್ಟಿದೆ ಅಂತ ಮುಚ್ಚಿಡದೆ ಮೊದಲೇ ಹೇಳಿ, ಅದರೊಳಗೆ ಆರಿಸ್ಕೊಳ್ಳಕ್ಕೆ ಬಿಡಿ. 18 ತುಂಬಿದ ಮೇಲೆ, ಕಾಲೇಜು ಸೇರಿದ ಮೇಲೆ, ಫರ್ಪಾ (ಸ್ಟೂಡೆಂಟ್ ದಾಖಲೆಗಳನ್ನ ಗುಟ್ಟಾಗಿಡೋ) ಕಾನೂನಿನ ಪ್ರಕಾರ ಅವ್ರು ಒಪ್ಪಿ ಸೈನ್ ಮಾಡದೆ ಸಾಮಾನ್ಯವಾಗಿ ಗ್ರೇಡ್ ಕೂಡ ನಮಗೆ ತೋರಿಸಲ್ಲ, ಆಗ ಉಳಿಯೋದು ಮಗು ತಾನಾಗೇ ಬಂದು ಹೇಳ್ಕೊಳ್ಳೋ ಅಭ್ಯಾಸ ಮಾತ್ರ, ಅದನ್ನ ಈ ತಿಂಗಳೇ ಶುರು ಮಾಡಿ.

ತೀರ್ಮಾನ ಆದ ದಿನವೇ ಮಾಡೋ ಕೆಲಸಗಳು: ಬೇಡ ಅಂದ ಕಾಲೇಜುಗಳಿಗೆ ಬೇಡ ಅಂತ ತಿಳಿಸಿ, ವೇಟ್‌ಲಿಸ್ಟಲ್ಲಿ ಕಾಯ್ತಿರೋ ಇನ್ನೊಂದು ಮನೆಗೆ ಆ ಸೀಟ್ ಹೋಗತ್ತೆ. ಆನರ್ಸ್ ಒಪ್ಪಿಗೆಗೆ ಬೇರೆ ಫಾರ್ಮ್, ಬೇರೆ ಕೊನೇ ದಿನ ಇದ್ರೆ ಅದನ್ನ ತುಂಬಿ. ಓರಿಯಂಟೇಷನ್ ಆದಷ್ಟು ಮೊದಲಿನ ಬ್ಯಾಚಿಗೇ ಹಾಕ್ಕೊಳ್ಳಿ, ಎಷ್ಟೋ ಕಡೆ ಕೋರ್ಸ್ ರಿಜಿಸ್ಟ್ರೇಷನ್ ಅಲ್ಲೇ ಆಗೋದು. ಲಸಿಕೆ ದಾಖಲೆ ಹುಡುಕಿಟ್ಕೊಳ್ಳಿ, ಡಾರ್ಮಲ್ಲಿರೋ ಮಕ್ಕಳಿಗೆ ಮೆನಿಂಜೈಟಿಸ್ ಲಸಿಕೆ ನ್ಯೂಜೆರ್ಸಿಯಂಥ ರಾಜ್ಯಗಳಲ್ಲಿ ಕಡ್ಡಾಯ, ಟೆಕ್ಸಸ್ಸಲ್ಲಿ ಹೊಸದಾಗಿ ಸೇರೋ 22ರೊಳಗಿನ ಎಲ್ರಿಗೂ ಬೇಕು, ಅದೂ ಸೆಮಿಸ್ಟರ್ ಶುರುವಾಗೋ 10 ದಿನ ಮುಂಚೆ ಹಾಕಿಸಿರ್ಬೇಕು. ಊರಿಂದ ಬರೋರು ಎಂಎಂಆರ್ ಎರಡು ಡೋಸಿನ ತಾರೀಖು ಇರೋ ಕಾರ್ಡ್ ಸಿಗ್ದೇ ಇದ್ರೆ ಹೊರಡೋಕೆ ಒಂದೆರಡು ತಿಂಗಳು ಮುಂಚೇನೇ ಡಾಕ್ಟರ್ ಹತ್ರ ಹೋಗಿ ಮತ್ತೆ ಹಾಕಿಸಿ, ಇಂಗ್ಲಿಷಲ್ಲಿ ಸೀಲ್ ಸಮೇತ ಬರೆಸ್ಕೊಂಡು ಸ್ಕ್ಯಾನ್ ಮಾಡಿ ಅಪ್‌ಲೋಡ್ ಮಾಡ್ಬಿಡಿ.